ದೊರೆಯ ಬೆನ್ನು, ಫ್ರಾಂಕರ ಸೇತುವೆ

ಗೊಸ್ತಿಮಿರ ಹೊಸಿಲ ಮೇಲೆ ಕೂತು ಹಸಿ ಕೋಲುಗಳ ತೊಗಟೆ ಸುಲಿಯುತ್ತಿದ್ದ. ಚಾಕು ಸರ್ ಸರ್ ಎನ್ನುತ್ತಿತ್ತು. ಏಳು ಹಳ್ಳಿಗೆ ದೊರೆಯಾದರೂ ಸಭೆಗೆ ಕೋಲು ಕಡಿದು ತರುವ ಕೆಲಸ ಅವನದೇ. ಇವರ ಬುಡಕಟ್ಟಾದ ವೆಲೇತರ ಸಭೆಯಲ್ಲಿ ಎಲ್ಲರ ಬಾಯಿಂದಲೂ ಒಂದೇ ಮಾತು ಬರಬೇಕು. ಯಾರಾದರೂ ಬೇರೆ ಮಾತಾಡಿದರೆ, ಒಪ್ಪುವ ತನಕ ಅವನ ಬೆನ್ನಿಗೆ ಕೋಲು ಬೀಳುತ್ತಿತ್ತು.

"ಇಷ್ಟು ದಪ್ಪದ್ದು ಯಾಕ್ರೀ?" ಹೆಂಡತಿ ವೀಶೆನ ಕೇಳಿದಳು.

"ಬೊಲೆಬೋರನ ಬೆನ್ನು ನೋಡಿಲ್ವಾ? ಹೋರಿ ಬೆನ್ನು. ಸಣ್ಣ ಕೋಲು ಅವನಿಗೆ ಕಚಗುಳಿ ಇಟ್ಟಂಗೆ."

ಬೊಲೆಬೋರ ಅವನ ಚಿಕ್ಕಪ್ಪನ ಮಗ. ಲಾಬ ಹೊಳೆಗೆ ಆಚೆ ದಡದ ಫ್ರಾಂಕರು ಸೇತುವೆ ಕಟ್ಟಿಕೊಳ್ಳಲಿ ಎಂದು ಮೂರು ದಿನದಿಂದ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವನೊಬ್ಬನೇ ತಾನೆ, ನಾಲ್ಕು ಏಟಿಗೆ ಸರಿಹೋಗುತ್ತಾನೆ ಎಂದು ದೊರೆಯ ಲೆಕ್ಕ.

ಲೆಕ್ಕ ತಪ್ಪಿದ್ದು ಓಕ್ ಮರದಡಿ ಸಭೆ ಸೇರಿದಾಗ. ಫ್ರಾಂಕರ ದೂತ ರಾಂಬರ್ಟ ದೋಣಿ ತುಂಬ ಕೆಂಪು ನಿಲುವಂಗಿ ತಂದಿದ್ದ. ಹಿಂದೆ ಮೂರು ವರ್ಷ ಇವರ ಸೆರೆಯಲ್ಲಿದ್ದವನು. ಇವರ ಮಾತನ್ನು ಇವರಷ್ಟೇ ಚೆನ್ನಾಗಿ ಆಡುತ್ತಿದ್ದ.

"ಒಂದು ಸೇತುವೆ, ಅಷ್ಟೇ. ಮನೆಗೊಂದು ನಿಲುವಂಗಿ," ಎಂದ.

ಹಿರಿಯ ದೊಮಾನಜ್ಜ ಒಬ್ಬೊಬ್ಬರನ್ನೇ ಕೇಳುತ್ತ ಬಂದ. ಬೊಲೆಬೋರ ಆಗಲೇ ನಿಲುವಂಗಿ ತೊಟ್ಟು, ಹಣ್ಣಾದ ಸೇಬಿನ ಹಾಗೆ ಹೊಳೆಯುತ್ತ, "ಆಗಲಿ" ಎಂದ. ಮೀನನ್ನು ಹೊಗೆಯಲ್ಲಿ ಒಣಗಿಸುವವನು ಆಗಲಿ ಎಂದ. ಕಮ್ಮಾರ ಆಗಲಿ ಎಂದ. ಆಗಲಿ, ಆಗಲಿ, ಆಗಲಿ.

"ದೊರೆ, ನೀನು?"

"ಆಗಲ್ಲ."

ಎಲ್ಲರ ಕಣ್ಣೂ ಕೋಲುಗಳ ಕಡೆ ತಿರುಗಿತು.

"ಅಯ್ಯೋ ದಡ್ಡರಾ," ಎಂದ ಗೊಸ್ತಿಮಿರ. "ಹೊಳೆ ಅಡ್ಡ ಇದೆ ಅಂತ ನಮ್ಮ ಗಂಜಿ ನಾವು ಕುಡೀತಿದ್ದೀವಿ. ಸೇತುವೆ ಮೇಲೆ ಮೊದಲು ಉಪ್ಪು ಬರುತ್ತೆ, ಆಮೇಲೆ ಕುದುರೆ ಬರುತ್ತೆ. ನಿಮ್ಮ ಮಕ್ಕಳು ಅವರ ಕುದುರೆ ಲದ್ದಿ ಬಾಚಬೇಕಾಗುತ್ತೆ."

"ಅಣ್ಣ, ಚಳಿಗಾಲದಲ್ಲಿ ನಿನ್ನ ಮಾತು ಹೊದ್ದುಕೊಳ್ಳೋಕಾಗುತ್ತಾ?" ಎಂದ ಬೊಲೆಬೋರ. ಎಲ್ಲರೂ ನಕ್ಕರು. ನಗುತ್ತಲೇ ಕೋಲು ಎತ್ತಿಕೊಂಡರು.

ಹೊಡೆತದಲ್ಲೂ ಮರ್ಯಾದೆ ಇತ್ತು. "ತಪ್ಪು ತಿಳೀಬೇಡ ದೊರೆ," ಎಂದು ಕಮ್ಮಾರ ಒಂದು ಬಿಟ್ಟ. "ನಮ್ಮ ಹಂದಿಗೆ ಔಷಧಿ ಕೊಟ್ಟೋನು ನೀನು, ಮರೆತಿಲ್ಲ," ಎಂದು ಮೀನಿನವನು ಎರಡು ಬಿಟ್ಟ. ಬೊಲೆಬೋರ ಏನೂ ಹೇಳದೆ ಐದು ಬಿಟ್ಟ.

"ಎಡ ಭುಜ ಬಿಡ್ರೋ, ಅಲ್ಲಿ ಕುರು ಎದ್ದಿದೆ!" ಎಂದು ಹೆಂಗಸರ ಸಾಲಿನಿಂದ ವೀಶೆನ ಕೂಗಿದಳು. "ದಪ್ಪದ್ದು ಬೇಡ ಅಂತ ಬೆಳಿಗ್ಗೆನೇ ಬಡ್ಕೊಂಡೆ!"

ಸೆರೆಯಲ್ಲಿದ್ದಾಗ ಸಭೆಯನ್ನು ಕಂಡಿರದ ರಾಂಬರ್ಟ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. "ನಮ್ಮಲ್ಲಿ ದೊರೆ ಜನಕ್ಕೆ ಹೊಡೀತಾನಪ್ಪ!"

"ಅದಕ್ಕೇ ನೀನು ಅವನ ಚೀಲ ಹೊತ್ಕೊಂಡು ಊರೂರು ಅಲೀತಿದ್ದೀಯ," ಎಂದ ಗೊಸ್ತಿಮಿರ, ನೆಲದಲ್ಲಿ ಎರಡೂ ಕೈ ಊರಿಕೊಂಡೇ. "ನಾನು ಯಾರ ಚೀಲಾನೂ ಹೊತ್ತಿಲ್ಲ. ಹೊಡೀರೋ, ನಿಂತಿದ್ದೇಕೆ? ಆಗಲ್ಲ ಅಂದ್ರೆ ಆಗಲ್ಲ!"

ಸೂರ್ಯ ನೆತ್ತಿ ದಾಟಿ ಇಳಿಯತೊಡಗಿದ. ಹೊಡೆಯುವವರಿಗೇ ತೋಳು ಸೋತಿತು. ದೊರೆ ಮಾತ್ರ ಒದ್ದೆಯಾದ ಮೂಟೆಯಂತೆ ಕುಸಿದು ಕೂತಿದ್ದರೂ ತಲೆ ಅಲ್ಲಾಡಿಸುವುದನ್ನು ಬಿಡಲಿಲ್ಲ. ಜನ ಜೇನಿನ ಮದ್ಯ ಕುಡಿದು ಬೆವರು ಒರೆಸಿಕೊಳ್ಳುತ್ತ ಒಬ್ಬರ ಮುಖ ಒಬ್ಬರು ನೋಡಿದರು. ಇಷ್ಟು ತಿಂದೂ ಬೇಡ ಅನ್ನುತ್ತಾನಲ್ಲ, ಆ ಸೇತುವೆಯಲ್ಲಿ ಏನೋ ಇರಬೇಕು ಎಂದು ಕಮ್ಮಾರ ಮೀನಿನವನ ಕಿವಿಯಲ್ಲಿ ಹೇಳಿದ.

ರಾಂಬರ್ಟನಿಗೆ ಕತ್ತಲಾಗುವ ಮೊದಲು ಹೊಳೆ ದಾಟಬೇಕಿತ್ತು. "ನಿಮ್ಮ ಕೈಲಿ ಆಗೋ ಕೆಲಸವಲ್ಲ. ಇತ್ಲಾಗೆ ಕೊಡಿ," ಎಂದು ಬಿದ್ದಿದ್ದ ಕೋಲೊಂದನ್ನು ಎತ್ತಿ ರಪ್ಪನೆ ಒಂದು ಬಿಟ್ಟ.

ಏಟು ಸರಿಯಾಗಿ ಕುರುವಿನ ಮೇಲೇ ಬಿತ್ತು.

"ಒಪ್ಪಿದೆ!" ಎಂದು ಕಿರುಚಿದ ಗೊಸ್ತಿಮಿರ. "ಸೇತುವೆ ಆಗಲಿ!"

ಅದೇ ಗಳಿಗೆಯಲ್ಲಿ ಇಡೀ ಸಭೆ ಎದ್ದು ನಿಂತಿತ್ತು.

"ಏಯ್! ನಮ್ಮ ದೊರೆಗೆ ಹೊಡೆಯೋಕೆ ನೀನ್ಯಾವನೋ?" ಎಂದ ಕಮ್ಮಾರ.

"ನಮ್ಮ ದೊರೆ, ನಮ್ಮ ಕೋಲು! ಸೇತುವೆ ಇಲ್ದೇನೇ ಹಿಂಗೆ, ಇನ್ನು ಸೇತುವೆ ಇದ್ರೆ?" ಎಂದ ಮೀನಿನವನು.

ಬೊಲೆಬೋರನಂತೂ ನಿಲುವಂಗಿ ಕಿತ್ತು ದೂತನ ಮುಖಕ್ಕೆ ಎಸೆದ. "ನಮ್ಮಣ್ಣನ ಮೈ ಮುಟ್ತೀಯೇನೋ ಫ್ರಾಂಕರವನೇ!" ದೋಣಿಯಿಂದ ಇಳಿಸಿದ್ದ ಉಳಿದ ನಿಲುವಂಗಿಗಳೂ ಹಾರಿದವು. ರಾಂಬರ್ಟನನ್ನು ಮೂಟೆಯ ಹಾಗೆ ಹೊತ್ತು ದೋಣಿಗೆ ಹಾಕಿ, ಹೊಳೆಗೆ ನೂಕಿಬಿಟ್ಟರು.

ಗೊಸ್ತಿಮಿರನ ಕಣ್ಣಲ್ಲಿ ನೀರು ಬಂತು. ಹೊಳೆ ಉಳಿಯಿತು. ಏಳು ಹಳ್ಳಿಯ ಗಂಜಿ ಉಳಿಯಿತು.

ದೊಮಾನಜ್ಜ ಮತ್ತೆ ಒಬ್ಬೊಬ್ಬರನ್ನೇ ಕೇಳುತ್ತ ಬಂದ. "ಸೇತುವೆ?" "ಆಗಲ್ಲ." "ಆಗಲ್ಲ." "ಆಗಲ್ಲ."

"ನಂದೂ ಆಗಲ್ಲ!" ಎಂದ ದೊರೆ, ಕೇಳುವ ಮೊದಲೇ.

ಅಜ್ಜ ತಲೆ ಕೆರೆದುಕೊಂಡ. "ನೀನು ಆಗಲಿ ಅಂದ್ಯಲ್ಲಪ್ಪ. ನಾವೆಲ್ಲ ಕೇಳಿದ್ವಿ."

"ನೋವಿಗೆ ಅಂದೆ ಅಜ್ಜ! ಬೆಳಿಗ್ಗೆಯಿಂದ ಆಗಲ್ಲ ಅಂತಿದ್ದೋನು ನಾನೊಬ್ಬನೇ ಅಲ್ವಾ?"

"ಅದೂ ನಿಜವೇ. ಆದರೆ ಇವರ 'ಆಗಲಿ' ಅಳಿಸಿದ್ದು ನಿನ್ನ ಬೆನ್ನಿಗೆ ಬಿದ್ದ ಕೋಲು. ನಿನ್ನದನ್ನು ಏನು ಅಳಿಸಿದೆ? ಸಭೆಯಲ್ಲಿ ಬಿದ್ದ ಮಾತು ಕೋಲಿಂದ ಹೋಗಬೇಕು, ಬಾಯಿಂದಲ್ಲ. ತಾತನ ಕಾಲದ ಪದ್ಧತಿ. ಅದನ್ನ ಮುರಿದ್ರೆ ನಾವೂ ಫ್ರಾಂಕರೂ ಒಂದೇ."

ಬೊಲೆಬೋರ ಅಂಗೈಗೆ ಉಗುಳಿ ಉಜ್ಜಿಕೊಂಡ.

ಗೊಸ್ತಿಮಿರ ಎಲ್ಲರನ್ನೂ ಒಮ್ಮೆ ನೋಡಿದ. ಆಮೇಲೆ ಹೊಳೆಯ ಕಡೆ ನೋಡಿದ. ರಾಂಬರ್ಟ ದೋಣಿಯಲ್ಲಿ ಎದ್ದು ನಿಂತು, ಹುಬ್ಬಿಗೆ ಕೈ ಅಡ್ಡ ಹಿಡಿದು, ಇತ್ತಲೇ ನೋಡುತ್ತಿದ್ದ. ದೊರೆ ಕಷ್ಟಪಟ್ಟು ಎದ್ದು, ಬೆನ್ನು ಸೆಟೆಸಿ, ಆ ಫ್ರಾಂಕನಿಗೆ ಕಾಣುವಂತೆ ತಲೆಯೆತ್ತಿ ನಿಂತ.

"ಅವನ ದೋಣಿ ಆ ದಡ ಸೇರೋ ತನಕ ಕಾಯ್ರಪ್ಪ," ಎಂದ.

ಎಲ್ಲರೂ ಕೋಲುಗಳನ್ನು ಬೆನ್ನ ಹಿಂದೆ ಮರೆಮಾಡಿ, ದೋಣಿಯನ್ನೇ ನೋಡುತ್ತ ಕಾದರು.