ಗಾದಿಯ ಮೇಲೆ ಮೋತಿ, ಪಕ್ಕದಲ್ಲಿ ನಾನು

ಇನ್ನು ಮುಂದೆ ನಾನು ಪದಬಂಧ ಬಿಡಿಸುವವನಲ್ಲ, ಕಟ್ಟುವವನು! ಒಂದು ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀಗೆಂದು ಘೋಷಿಸಿಬಿಟ್ಟೆ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಸುಮಂಗಲಾ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅದರಿಂದ ನಳದಾಗ ನೀರ ಬರ್ತದೇನ್ರಿ?" ಎಂದಳು.

"ನೀರಲ್ಲ, ಮರ್ಯಾದಿ ಬರ್ತದ!" ಎಂದೆ.

ನಮ್ಮದು 'ಚಿತ್ರಬಂಧ ಬಳಗ' ಎಂಬ ವಾಟ್ಸಾಪ್ ಗುಂಪು. ಇಲ್ಲಿ ಸುಳಿವು ಮಾತಿನಲ್ಲಿರುವುದಿಲ್ಲ, ಚಿತ್ರದಲ್ಲಿರುತ್ತದೆ. ಚಿತ್ರ ನೋಡಿ ನುಡಿಗಟ್ಟು ಹುಡುಕಿ ಮನೆ ತುಂಬಬೇಕು. ಭಾನುವಾರ ಎಲ್ಲರಿಗಿಂತ ಮೊದಲು ಬಿಡಿಸಿದವರಿಗೆ ಮುಂದಿನ ಪದಬಂಧ ಕಟ್ಟುವ ಪಟ್ಟ; ಈ ಸಲ ಅದು ನನಗೆ ಸಿಕ್ಕಿತ್ತು. ಅಡ್ಮಿನ್ ದಿಲ್ಶಾದ್ ಬೇಗಂ ಕೋಟೆ ಕಡೆಯವರು, ನಿವೃತ್ತ ಕನ್ನಡ ಟೀಚರು. ನಿವೃತ್ತಿ ಶಾಲೆಯಿಂದ ಮಾತ್ರ, ಸಿಟ್ಟಿನಿಂದಲ್ಲ! ಅವರ ಕಾಯ್ದೆಯ ಪ್ರಕಾರ ಚಿತ್ರವನ್ನು ಇಂಟರ್ನೆಟ್ಟಿನಿಂದ ಕದಿಯುವಂತಿಲ್ಲ, ಸ್ವಂತ ಫೋಟೊ ಬೇಕು. ಇನ್ನು ಕಟ್ಟಿದವನ ಉತ್ತರ ಒಂದು, ಬಳಗದ ಅರ್ಧಕ್ಕಿಂತ ಹೆಚ್ಚು ಜನರ ಉತ್ತರ ಇನ್ನೊಂದಾದರೆ ಬಳಗದ್ದೇ ಸರಿ. ಕಟ್ಟಿದವನ ಪಟ್ಟ ಅಲ್ಲಿಗೆ ಹೋಯಿತು. ವರ್ಷಪೂರ್ತಿ ಮತ್ತೆ ಬರೀ ಬಿಡಿಸುತ್ತ ಕೂಡಬೇಕು. ಹಾಗೆ ಪಟ್ಟ ಕಳೆದುಕೊಂಡವರನ್ನು ಬಳಗ ಎಷ್ಟು ಆಡಿಕೊಳ್ಳುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಹೆಚ್ಚು ಆಡಿಕೊಳ್ಳುತ್ತಿದ್ದವನೇ ನಾನು!

ಆ ವಾರ ಬೇಗಂ ಮೇಡಂ ಕೊಟ್ಟ ವಿಷಯ ನಾಯಿ. 'ನಾಯಿಕೊಡೆ'ಗಾಗಿ ಓಣಿಯ ಕುಂಟ ನಾಯಿಯ ತಲೆಯ ಮೇಲೆ ಛತ್ರಿ ಹಿಡಿದೆ. ಓಣಿಯವರು ನನ್ನ ತಲೆ ಕೆಟ್ಟಿದೆ ಎಂದುಕೊಂಡರು. 'ನಾಯಿಕೆಮ್ಮು' ಪದಕ್ಕಾಗಿ ಅದರ ಮುಂದೆ ಕೆಮ್ಮಿನ ಔಷಧದ ಶೀಶೆ ಇಟ್ಟೆ. ಈಗ ಓಣಿಯವರಿಗೆ ಖಾತ್ರಿಯಾಯಿತು. ಉಳಿದದ್ದು ನನ್ನ ಬ್ರಹ್ಮಾಸ್ತ್ರ, 'ನಾಯಿನಿದ್ದೆ'! ಕಣ್ಣು ಮುಚ್ಚಿರಬೇಕು, ಒಂದು ಕಿವಿ ಎದ್ದಿರಬೇಕು. ಇದು ಎಚ್ಚರದ ನಿದ್ದೆ ಎಂದು ಬುದ್ಧಿವಂತರಿಗೆ ಮಾತ್ರ ತಿಳಿಯಬೇಕು. ಉತ್ತರ ಸುಲಭವಾಗಬಾರದೆಂದು ಆ ಪದದ ಕೊನೆಯ ಎರಡು ಮನೆಗಳಿಗೆ ಬೇರೆ ಯಾವ ಪದವೂ ತಾಗದಂತೆ ಕಟ್ಟಿದೆ. ಆ ಜಾಣತನಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆದರೆ ಕೋಟನೂರಿನ ನಮ್ಮ ಓಣಿಯ ನಾಯಿಗಳು ಮಲಗಿದ್ದರೂ ನಾನು ಮೊಬೈಲ್ ಹಿಡಿದು ಹತ್ತಿರ ಹೋದ ಕೂಡಲೇ ಎದ್ದು ನಿಲ್ಲುತ್ತಿದ್ದವು. ಬರೀ ನಿಂತಿದ್ದರೆ ಚಿಂತೆಯಿರಲಿಲ್ಲ, ಅಟ್ಟಿಸಿಕೊಂಡೂ ಬಂದವು! ನನ್ನ ಒಂದು ಚಪ್ಪಲಿ ಇಂದಿಗೂ ಸಿಕ್ಕಿಲ್ಲ.

"ಕಮಲಾಪುರದಾಗ ನಮ್ಮಪ್ಪನ ಮೋತಿ ಅದ ಅಲ್ರಿ," ಎಂದಳು ಸುಮಂಗಲಾ. "ತಿಂದು ಮಲಗೂದು ಬಿಟ್ರ ಅದಕ್ಕ ಬ್ಯಾರೆ ಕೆಲಸ ಇಲ್ಲ. ನಡೀರಿ, ಹೋಗೂಣು."

ಅವಳು ತವರಿಗೆ ಹೋಗೋಣ ಎಂದಾಗಲೆಲ್ಲ ನನಗೆ ಭಾನುವಾರದ ಪದಬಂಧ ಅಡ್ಡ ಬರುತ್ತಿತ್ತು. ಈಗ ಪದಬಂಧವೇ ನನ್ನನ್ನು ಅಲ್ಲಿಗೆ ದಬ್ಬಿತು. ಕಪನೂರಿನ ಬೇಳೆ ಮಿಲ್ಲಿನ ನನ್ನ ಗುಮಾಸ್ತಿಕೆಗೆ ಶನಿವಾರ ರಜೆ ಹಾಕಿ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆವು.

ಅಳಿಯ ಬಂದನೆಂದು ಅತ್ತೆ ಸಾಬಮ್ಮ ಹೋಳಿಗೆಗೆ ಬೇಳೆ ಬೇಯಿಸಲು ಇಟ್ಟರು. ಮಾವ ಮಹಾದೇವಪ್ಪ ತೋಟದಿಂದ ಕೆಂಪು ಬಾಳೆಹಣ್ಣು ತಂದಿಟ್ಟರು. ಪಡಸಾಲೆಯ ಮಂಚಕ್ಕೆ ಅಳಿಯನಿಗೆಂದೇ ಕಾದಿಟ್ಟ ಗಾದಿ ಬಂತು, ಅದರ ಮೇಲೆ ಮಡಿಕೆ ಬಿಚ್ಚದ ಚಾದರ ಬಂತು. ಆ ಗಾದಿಯ ಮೇಲೆ ಮಾವನವರೂ ಕೂಡುವುದಿಲ್ಲ!

"ಅಳಿಯಂದ್ರ, ಊಟ ಆಗೂತನ ಜರಾ ಅಡ್ಡಾಗ್ರಿ," ಎಂದರು ಮಾವ.

"ನನಗ ಬ್ಯಾಡ್ರಿ ಮಾವ. ಮೋತಿ ಮಲಗ್ತದೇನು ಹೇಳ್ರಿ!" ಎಂದೆ.

ಮಾವ ಅತ್ತೆಯ ಮುಖ ನೋಡಿದರು. ಅತ್ತೆ ಮಗಳ ಮುಖ ನೋಡಿದರು. ಮಗಳು ಜಂತಿ ನೋಡಿದಳು.

ಊಟಕ್ಕೆ ಮುಂಚೆ ರುಚಿ ನೋಡಲೆಂದು ಅತ್ತೆ ನನ್ನ ತಾಟಿಗೆ ಹಾಕಿದ ಬಿಸಿ ಹೋಳಿಗೆಗಳಲ್ಲಿ ಒಂದನ್ನು ಮೋತಿಗೆ ಹಾಕಿದೆ. ತಿಂದಿತು, ಮಲಗಲಿಲ್ಲ. ಇನ್ನೊಂದು ಹಾಕಿದೆ. ಅದನ್ನೂ ತಿಂದು, ಮುಂದಿನದು ಎಲ್ಲಿ ಎಂಬಂತೆ ನೋಡಿತು. ಬರೀ ನೆಲ ಅದಕ್ಕೆ ಹಿಡಿಸಲಿಲ್ಲ, ಗೋಣಿಚೀಲ ಹಾಸಿದರೆ ಮೂಸಿ ದೂರ ಸರಿಯಿತು. ಕೊನೆಗೆ ಎರಡೂ ಕೈಯಿಂದ ಎತ್ತಿ ಗಾದಿಯ ಮೇಲೆ ಮಲಗಿಸಿದೆ.

"ಅಯ್ಯ ಶಿವನ! ಅಳಿಯನ ಗಾದಿ ಮ್ಯಾಲ ನಾಯಿ!" ಎಂದು ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಸುಮ್ನಿರು ಯವ್ವಾ," ಎಂದಳು ಸುಮಂಗಲಾ. "ಅದು ಮಲಗಿದ್ರ ಇವರು ಊಟಕ್ಕರ ಏಳ್ತಾರ."

ಮೋತಿಗೆ ಕಣ್ಣು ಎಳೆಯುತ್ತಿತ್ತು, ಅಷ್ಟರಲ್ಲಿ ಕರೆಂಟು ಹೋಯಿತು! ಫ್ಯಾನು ನಿಂತ ಕೂಡಲೇ ಕಣ್ಣು ತೆರೆದು ನನ್ನನ್ನು ದುರುಗುಟ್ಟಿ ನೋಡಿತು. ಓಡಿಹೋಗಿ ಬೀಸಣಿಕೆ ತಂದು ಗಾಳಿ ಹಾಕಿದೆ. ಅಂಗಿ ತೊಯ್ದು ಮೈಗೆ ಅಂಟುವವರೆಗೆ ಹಾಕಿದೆ. ಆಗ ಹತ್ತಿತು ನೋಡಿ ನಿದ್ದೆ, ಎರಡೂ ಕಿವಿ ಬಿದ್ದೇಹೋದವು! ನನಗೆ ಬೇಕಾದದ್ದು ಎದ್ದ ಕಿವಿ. ಬೀಸುವುದನ್ನು ಬಿಟ್ಟರೆ ಮೋತಿ ಏಳುತ್ತದೆ, ಸದ್ದು ಮಾಡದಿದ್ದರೆ ಕಿವಿ ಏಳುವುದಿಲ್ಲ. ಒಂದು ಕೈಯಲ್ಲಿ ಬೀಸಣಿಕೆ ಹಿಡಿದು, ಇನ್ನೊಂದರಲ್ಲಿ ನನ್ನ ಖಾಲಿ ತಾಟು ಎತ್ತಿಕೊಂಡು, ಮೊಬೈಲನ್ನು ಮಾವನಿಗೆ ಕೊಟ್ಟೆ.

"ಮಾವ, ನಾ ಹೂಂ ಅಂದ ಕೂಡ್ಲೆ ಫೋಟೊ ಹೊಡೀರಿ!"

ತಾಟನ್ನು ಮಂಚದ ಕಾಲಿಗೆ ಬಡಿದೆ. ಕಿವಿ ಎದ್ದಿತು! "ಹೂಂ!" ಎಂದು ಕೂಗಿದೆ. ಮಾವ ಒತ್ತಿದರು. ನನ್ನ ಕೂಗಿಗೆ ಮೋತಿ ಹಾರಿ ಬಾಳೆತೋಟ ಸೇರಿತು. ನಾವು ಬಸ್ಸು ಹತ್ತುವವರೆಗೂ ತಿರುಗಿ ಬರಲಿಲ್ಲ.

ಫೋಟೊದಲ್ಲಿ ಕಿವಿ ಮಾತ್ರ ಅಪ್ಪಟವಾಗಿ ಬಂದಿತ್ತು. ಪಕ್ಕದಲ್ಲಿ ಕೆದರಿದ ತಲೆಯ ನಾನೂ ಬಂದಿದ್ದೆ. ನನ್ನನ್ನು ಕತ್ತರಿಸಲು ಹೋದರೆ ನನ್ನ ಹೊಟ್ಟೆಗೆ ಅಡ್ಡವಾಗಿ ನಿಂತಿದ್ದ ಆ ಅಮೂಲ್ಯ ಕಿವಿಯೂ ಹೋಗುತ್ತಿತ್ತು. ಇರಲಿ, ನಾಯಿಯ ಪದಬಂಧದಲ್ಲಿ ನನ್ನನ್ನು ಯಾರು ನೋಡುತ್ತಾರೆ ಎಂದುಕೊಂಡು ಭಾನುವಾರ ಗುಂಪಿಗೆ ಹಾಕಿದೆ.

ಮೊದಲು ಉತ್ತರ ಕಳಿಸಿದವರು ಅಣವೀರಪ್ಪ. ನಾಯಿಕೊಡೆ ಸರಿ, ನಾಯಿಕೆಮ್ಮು ಸರಿ. ಕೊನೆಯದು 'ನಾಯಿಪಾಡು'. ಪಾಪ, ಎಡವಿದರು ಎಂದು ನಕ್ಕೆ. ಆಮೇಲೆ ಹೀನಾ ಕಳಿಸಿದರು. ಅವರದೂ ನಾಯಿಪಾಡು. ಆಮೇಲೆ ಸಾಲುಗಟ್ಟಿ ಬಂದವು, ನಾಯಿಪಾಡು, ನಾಯಿಪಾಡು! ನಾನು ಜಾಣತನದಿಂದ ಬಿಟ್ಟ ಆ ಎರಡು ಒಂಟಿ ಮನೆಗಳಲ್ಲಿ 'ಪಾಡು' ಹಾಯಾಗಿ ಕೂತಿತ್ತು. ನನ್ನ ಪಟ್ಟ ಅಲುಗಾಡತೊಡಗಿತು.

"ಮೇಡಂ, ಇದು ಅನ್ಯಾಯ!" ಎಂದು ಗುಂಪಿಗೆ ವಾಯ್ಸ್ ಹಾಕಿದೆ. "ನಾಯಿ ಗಾದಿ ಮ್ಯಾಲ ಮಲಗೇದ, ಹೊಟ್ಟಿ ತುಂಬ ಹೋಳಿಗಿ ತಿಂದದ, ಗಾಳಿ ಬೀಸಿಸ್ಕೊಳ್ಳಾಕತ್ತದ. ಇದರಾಗ ನಾಯಿಪಾಡು ಎಲ್ಲದ ತೋರಿಸ್ರಿ!"

ದಿಲ್ಶಾದ್ ಬೇಗಂ ಅವರ ಉತ್ತರ ತಡವಾಗಲಿಲ್ಲ. "ಆ ಪಾಡು ನಾಯಿದು ಅಂತ ಯಾರಂದಾರ, ಆನಂದಕುಮಾರ? ಬಾಜೂಕ ನಿಂತವರನ್ನ ನೋಡ್ರಿ."

ಬಳಗವೆಲ್ಲ ಹಲ್ಲು ಕಿರಿಯುವ ಗೊಂಬೆಗಳ ಮಳೆ ಸುರಿಸಿತು. ನಾನು ಅಷ್ಟಕ್ಕೆ ಸೋಲುವ ಕುಳವೇ? ಫೋಟೊ ತೆಗೆದವರ ಸಾಕ್ಷಿ ಇದೆಯಲ್ಲ! ಸುಮಂಗಲಾಳನ್ನೂ ಎದುರಿಗೆ ಕೂಡಿಸಿಕೊಂಡು ಮಾವನಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ.

"ಮಾವ, ಎದ್ದ ಕಿವಿ ನೋಡೇ ನೀವು ಫೋಟೊ ಹೊಡದೀರಿ ಅಂತ ನಮ್ಮ ಗ್ರೂಪಿಗೆ ಒಂದು ಮಾತು ಹೇಳ್ರಿ. ನನ್ನ ಮರ್ಯಾದಿ ನಿಮ್ಮ ಕೈಯಾಗದ!"



"ಕಿವಿನಾ?" ಎಂದರು ಮಾವ. "ಕಿವಿಗಿವಿ ನಾ ನೋಡಿಲ್ರಿ. ಅಳಿಯಂದ್ರು ಅಪರೂಪಕ್ಕ ಮನಿಗಿ ಬಂದಾರ ಅಂತ ನಾ ನಿಮ್ದ ಫೋಟೊ ಹೊಡದೀನಿ. ಮೋತಿ ತಾನ ಅಡ್ಡ ಬಂದದ."