ಪಾರ್ಕಿನ ಸಂಪಿಗೆಯಮ್ಮ

ತುಮಕೂರಿನ ಕುಣಿಗಲ್ ರಸ್ತೆ ಕಡೆಯ ಆ ಬಡಾವಣೆಯಲ್ಲಿ ಎರಡು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬಂದರೆ ಅದೇ ಹಬ್ಬ. ಅಂಥ ಕಡೆ ಪಾರ್ಕಿನ ನಟ್ಟನಡುವೆ ಕಾರಂಜಿ ಕಟ್ಟಿಸಬೇಕೆಂದು ಪಾರ್ಕ್ ಅಭಿವೃದ್ಧಿ ಸಮಿತಿ ತೀರ್ಮಾನಿಸಿದ್ದೇ ಚಿಕ್ಕರಂಗಯ್ಯನ ಗ್ರಹಚಾರಕ್ಕೆ ಮೂಲವಾಯಿತು. ಆ ನಟ್ಟನಡುವೆ ಒಂದು ಸಂಪಿಗೆ ಮರವಿತ್ತು. ಅದನ್ನು ನೆಟ್ಟವಳು ಅವನ ಹೆಂಡತಿ ಹೊಂಬಾಳಮ್ಮ.

ನಿಟ್ಟೂರು ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ಚಿಕ್ಕರಂಗಯ್ಯ ರಿಟೈರಾಗಿ ಇಲ್ಲಿ ಮನೆ ಮಾಡಿದಾಗ ಪಾರ್ಕೆಂಬುದು ಬರೀ ಪಾರ್ಥೇನಿಯಂ ಬೆಳೆದ ಬಯಲು. ಹೊಂಬಾಳಮ್ಮ ಊರಿಂದ ಸಸಿ ತಂದು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಸಾಕಿದಳು. ಮರ ಹೂ ಬಿಟ್ಟ ವರ್ಷವೇ ಜ್ವರ ಬಂದು ಹೋಗಿಬಿಟ್ಟಳು. ಹೋಗುವಾಗ ಹೇಳಿದ್ದು ಒಂದೇ ಮಾತು, "ಮರಕ್ಕೆ ನೀರ್ ತಪ್ಪಿಸ್ಬೇಡಿ." ಅವಳು ಬದುಕಿದ್ದಾಗ ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಂಡು ಕುಡಿಯದಿದ್ದ ಆಸಾಮಿ ಅಂದಿನಿಂದ ದಿನಾ ಬೆಳಿಗ್ಗೆ ಬಿಂದಿಗೆ ಹೊತ್ತ. ನೀರು ಹಾಕಿ, ಬುಡದಲ್ಲಿ ಕೂತು, ಮನೆಯ ವಾರ್ತೆಯೆಲ್ಲ ಮರಕ್ಕೆ ಒಪ್ಪಿಸುತ್ತಿದ್ದ. ಬದುಕಿದ್ದ ಹೆಂಡತಿಯ ಜೊತೆ ಅಷ್ಟು ಮಾತಾಡಲಿಲ್ಲವೆಂಬ ಸಂಕಟ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಶನಿವಾರ ಸಂಜೆ ಸಮಿತಿಯ ಕಾರ್ಯದರ್ಶಿ ಕದರಯ್ಯ ಗೇಟಿನ ಹತ್ತಿರ ಬಂದ. ವಾರವೆಲ್ಲ ಬ್ಯಾಂಕಿನಲ್ಲಿ ತೂಕಡಿಸಿ ಭಾನುವಾರ ಸಮಾಜಸೇವೆಗೆ ಎಚ್ಚರಾಗುವ ಮನುಷ್ಯ.

"ನಾಳೆ ಬೆಳಿಗ್ಗೆ ಶ್ರಮದಾನ ಸಾರ್. ಕೌನ್ಸಿಲರ್ ಆಂಜನಪ್ಪನೋರು ಬರ್ತಾರೆ. ಮೊದ್ಲು ಮರ ಕಡಿಯೋದು, ಆಮೇಲೆ ಕಾರಂಜಿಗೆ ಗುಂಡಿ. ನೀವೂ ಒಂದು ಗುದ್ದಲಿ ತರ್ಬೇಕು."

"ಮರ ಬುಟ್ಟು ಪಕ್ಕದಲ್ಲಿ ಕಟ್ಬೋದಲ್ಲಪ್ಪ."

"ಕಾರಂಜಿ ಮಧ್ಯದಲ್ಲೇ ಇರ್ಬೇಕು ಸಾರ್. ಎಲ್ಲಾ ಕಡೆ ಹಂಗೇ ಇರೋದು."

"ಅದಕ್ಕೆ ನೀರೆಲ್ಲಿಂದ ತರ್ತೀರಿ?"

"ಮೊದ್ಲು ಕಾರಂಜಿ ಆಗ್ಲಿ. ನೀರಿನ ವಿಷ್ಯ ಮುಂದಿನ ಮೀಟಿಂಗ್‌ನಲ್ಲಿ ಅಯ್ತೆ."

ಅವನು ಹೋದ ಮೇಲೆ ಚಿಕ್ಕರಂಗಯ್ಯ ಜಗಲಿಯ ಮೇಲೆ ಕುಸಿದು ಕೂತ. ತನ್ನ ಮನೆಯ ಸಾರು ಸೀದರೂ ಎದುರು ಮನೆಯ ಮಾತು ತಪ್ಪಿಸಿಕೊಳ್ಳದ ದೊಡ್ಡಗಂಗಮ್ಮ ರಸ್ತೆ ದಾಟಿ ಬಂದಳು.

"ರಂಗಣ್ಣ, ಅರ್ಜಿ ಗಿರ್ಜಿ ಎಲ್ಲಾ ಸುಮ್ಕೆ. ಬುಡದಲ್ಲಿ ಒಂದು ಕಲ್ಲಿಟ್ಟು ಅರಿಶಿನ ಕುಂಕುಮ ಹಚ್ಬುಡಿ. ಆಮೇಲೆ ಯಾವೋನ್ ಕೊಡ್ಲಿ ಎತ್ತಾನು ನೋಡಾನ."

ಮುಳುಗುವವನಿಗೆ ಅಷ್ಟು ಸಾಕಾಯಿತು. ಆದರೆ ಕಲ್ಲು ಬೇಕಲ್ಲ. ರಸ್ತೆಗೆ ಸುರಿದಿದ್ದ ಜಲ್ಲಿ ಯಾವ ಮೂಲೆಯಿಂದ ನೋಡಿದರೂ ದೇವರಂತೆ ಕಾಣಲಿಲ್ಲ. ಹಿತ್ತಲಲ್ಲಿದ್ದದ್ದು ಬಟ್ಟೆ ಒಗೆಯುವ ಚಪ್ಪಡಿ. ಕೊನೆಗೆ ಅಡಿಗೆ ಮನೆಯಲ್ಲಿ ಕಣ್ಣಿಗೆ ಬಿದ್ದದ್ದು ಒರಳಿನ ಗುಂಡು. ಮಿಕ್ಸಿ ಆ ಬೀದಿಗಿನ್ನೂ ಬಂದಿರದ ಎಂಬತ್ತೆರಡನೆಯ ಇಸವಿ ಅದು. ಹೊಂಬಾಳಮ್ಮ ನಲವತ್ತು ವರ್ಷ ದೋಸೆ ಹಿಟ್ಟು ರುಬ್ಬಿ ರುಬ್ಬಿ ಅದು ಎಣ್ಣೆ ಹಚ್ಚಿದಂತೆ ಕರ್ರಗೆ ಹೊಳೆಯುತ್ತಿತ್ತು. ಬೆಳಕು ಹರಿಯುವ ಮುಂಚೆ ಟವೆಲಿನಲ್ಲಿ ಸುತ್ತಿ ಹೊತ್ತುಕೊಂಡು ಹೊರಟ. ಎದುರಾದ ಹಾಲಿನವನು "ಏನ್ ಸಾರ್ ಅದು?" ಎಂದಾಗ "ಕುಂಬಳಕಾಯಿ" ಎಂದ. ಗುಂಡನ್ನು ಮರದ ಬುಡದಲ್ಲಿ ಅರ್ಧ ಹೂತು, ಅರಿಶಿನ ಕುಂಕುಮ ಬಳಿದು, ಎರಡು ಸಂಪಿಗೆ ಹೂವಿಟ್ಟು ಮನೆಗೆ ಬಂದ.

ಶ್ರಮದಾನಿಗಳು ಬಂದರು. ಕೊಡಲಿ ಹಿಡಿದವನು ಕಲ್ಲು ನೋಡಿದವನೇ ಕೊಡಲಿ ಕೆಳಗಿಟ್ಟು ಕೆನ್ನೆ ಬಡಿದುಕೊಂಡ. ಕೌನ್ಸಿಲರ್ ಆಂಜನಪ್ಪ ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲನ್ನು ಸೊಂಟಕ್ಕೆ ಕಟ್ಟಿ ಕೈಮುಗಿದ.

"ಈ ಮರ ಯಾರೂ ಮುಟ್ಟಂಗಿಲ್ಲ. ಕಾರಂಜಿ ಕ್ಯಾನ್ಸಲ್."

ಗುಂಪಿನ ಹಿಂದೆ ನಿಂತಿದ್ದ ಚಿಕ್ಕರಂಗಯ್ಯನ ಕಣ್ಣಲ್ಲಿ ನೀರು ಬಂತು. ಆಗಲೇ ಮನೆಗೆ ಹೋಗಿ ಕಾಫಿ ಕುಡಿದಿದ್ದರೆ ಒಂದಿಷ್ಟು ಹೊತ್ತಾದರೂ ಸುಖವಾಗಿರುತ್ತಿದ್ದ.

ಅಷ್ಟರಲ್ಲಿ ದೊಡ್ಡಗಂಗಮ್ಮ ತೆಂಗಿನಕಾಯಿ ಹಿಡಿದು ಬಂದಳು. ಕಾಯಿ ಒಡೆದಳು. ಕರ್ಪೂರ ಹಚ್ಚಿದಳು. ಹೊಗೆ ಮುಖಕ್ಕೆ ಬಡಿಯುತ್ತಲೇ ಮೈಯೆಲ್ಲ ನಡುಗಿ, ಕೂದಲು ಬಿಚ್ಚಿ ತೂಗತೊಡಗಿದಳು.

"ನಾನು ಸಂಪಿಗೆಯಮ್ಮ. ನನ್ನ ಬಿಸ್ಲಲ್ಲಿ ಕೂರ್ಸಿದೀರಲ್ರೋ. ನನಗೊಂದು ನೆಳ್ಳು ಬ್ಯಾಡ್ವೇನ್ರೋ?"

"ತಲೆ ಮೇಲೇ ಮರದ ನೆಳ್ಳು ಅಯ್ತಲ್ಲ ತಾಯಿ" ಎಂದ ಚಿಕ್ಕರಂಗಯ್ಯ.

"ಸುಮ್ನಿರಿ ಸಾರ್" ಎಂದು ಕದರಯ್ಯ ಗದರಿದ. "ಅಮ್ಮ ಗುಡಿ ಕೇಳ್ತಾವ್ಳೆ."

ದೊಡ್ಡಗಂಗಮ್ಮನ ಆವೇಶ ಇಳಿದ ಮೇಲೆ ಚಿಕ್ಕರಂಗಯ್ಯ ಪಕ್ಕಕ್ಕೆ ಕರೆದು ಕೇಳಿದ, "ಗಂಗಮ್ಮ, ಕಲ್ಲಿಡೋಕೆ ಹೇಳಿದ್ದು ನೀನೇ ಅಲ್ವಾ?"

"ನಾನೆಲ್ಲಣ್ಣ ಹೇಳ್ದೆ? ಅಮ್ಮ ನನ್ನ ಬಾಯಲ್ಲಿ ಹೇಳ್ಸಿದ್ಲು."

ಕಾರಂಜಿಗೆಂದು ತಂದ ಇಟ್ಟಿಗೆ, ಸಿಮೆಂಟು ಅಲ್ಲೇ ಇತ್ತು. ಕೆಲಸಕ್ಕೆ ಜನವೂ ಇದ್ದರು. ಆಂಜನಪ್ಪನ ಮುಖ ಅರಳಿತ್ತು. ಕಾರಂಜಿಗೆ ಬೀಳದ ಓಟು ಗುಡಿಗೆ ಬೀಳುತ್ತದೆಂಬುದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾರೆ ಕೆಲಸದ ಯಲ್ಲಯ್ಯ ಸುತ್ತ ನಡೆದು ನೋಡಿ ತಲೆಯಾಡಿಸಿದ.

"ಗುಡಿ ಕಟ್ಬೋದು ಸ್ವಾಮಿ. ಆದ್ರೆ ಬೇರು ಹಬ್ಬಿದ್ರೆ ಪಾಯ ಬಿರೀತದೆ. ಮರ ತೆಗೀಲೇಬೇಕು."

ಚಿಕ್ಕರಂಗಯ್ಯ ಮುಂದೆ ಬಂದ. "ಕಲ್ಲನ್ನೇ ಆ ಮೂಲೆಗೆ ಇಟ್ಕೊಂಡ್ರಾಗಲ್ವಾ?"

"ನೆಲದಿಂದ ಉದ್ಭವ ಆದ ಅಮ್ಮನ್ನ ಅಲ್ಲಾಡ್ಸೋದಾ?" ಎಂದ ಆಂಜನಪ್ಪ. ಸುತ್ತಲಿದ್ದವರೆಲ್ಲ ಚಿಕ್ಕರಂಗಯ್ಯನನ್ನು ದುರುಗುಟ್ಟಿಕೊಂಡು ನೋಡಿದರು.

ಇನ್ನು ಮಾನ ಹೋದರೂ ಸರಿ, ಮರ ಉಳಿಯಲಿ ಎಂದುಕೊಂಡ. "ಅದು ಉದ್ಭವ ಅಲ್ಲ ಕಣ್ರಪ್ಪ. ನಮ್ಮನೆ ಒರಳಿನ ಗುಂಡು. ಬೆಳಿಗ್ಗೆ ನಾನೇ ತಂದು ಹೂತಿದ್ದು. ಬೇಕಾದ್ರೆ ಹೋಗಿ ನೋಡಿ, ಮನೇಲಿ ಒರಳು ಖಾಲಿ ಅಯ್ತೆ."

ದೊಡ್ಡಗಂಗಮ್ಮ ಓಡಿದಳು. ಅವನ ಅಡಿಗೆ ಮನೆಗೆ ನುಗ್ಗಿ ನೋಡಿ, ಅಷ್ಟೇ ವೇಗದಲ್ಲಿ ವಾಪಸು ಬಂದಳು.

"ದಿಟ ಕಣ್ರವ್ವ. ಒರಳಲ್ಲಿ ಗುಂಡಿಲ್ಲ. ಹೊಂಬಾಳಮ್ಮನ ಕೈಲಿ ನಲವತ್ತು ವರ್ಷ ಸೇವೆ ಮಾಡಿಸ್ಕೊಂಡಿದ್ದ ಅಮ್ಮ, ಅವಳು ನೆಟ್ಟ ಮರದ ತಾವ್ಕೇ ಬಂದವ್ಳೆ. ಈ ರಂಗಣ್ಣನ್ನ ಹೊರೋಕೆ ಮಾತ್ರ ಇಟ್ಕೊಂಡವ್ಳೆ."

ಹೆಂಗಸರು ಚಿಕ್ಕರಂಗಯ್ಯನ ಕಾಲಿಗೆ ಬಿದ್ದರು. ಯಾರೋ ಸಂಪಿಗೆ ಹೂವಿನ ಹಾರ ತಂದು ಕೊರಳಿಗೆ ಹಾಕಿದರು. ಆಂಜನಪ್ಪ ಕೊಡಲಿಯನ್ನು ಅವನ ಕೈಗೆ ಕೊಟ್ಟು, ತಾನೂ ಹಿಡಿಗೆ ಕೈ ಹಚ್ಚಿ, ತಾನೇ ಕರೆತಂದಿದ್ದ ಫೋಟೋದವನ ಕಡೆ ತಿರುಗಿದ.

"ಅಮ್ಮನ್ನ ತಂದೋರು ನೀವು. ಮೊದ್ಲೇಟು ನಿಮ್ದೇ ಆಗ್ಬೇಕು ರಂಗಯ್ಯನೋರೆ."

ಮೊದಲೇಟು ಅವನದೇ ಆಯಿತು. ಉಳಿದದ್ದನ್ನು ಶ್ರಮದಾನಿಗಳು ಸಂಜೆಯೊಳಗೆ ಮುಗಿಸಿದರು.

ಹೊತ್ತು ಮುಳುಗುವಾಗ ಚಿಕ್ಕರಂಗಯ್ಯ, ಯಾಕೆಂದು ತನಗೇ ತಿಳಿಯದೆ, ಬಿಂದಿಗೆ ತುಂಬಿಕೊಂಡು ಪಾರ್ಕಿಗೆ ಬಂದ. ಗುಂಡಿನ ಹಿಂದೆ ಕಡಿದ ಬೊಡ್ಡೆ ಇನ್ನೂ ಹಸಿಯಾಗಿತ್ತು, ಸಂಪಿಗೆಯ ವಾಸನೆ ಹೋಗಿರಲಿಲ್ಲ. ಅವನು ಬಗ್ಗಿ ಅದಕ್ಕೆ ನೀರು ಸುರಿಯಬೇಕೆನ್ನುವಷ್ಟರಲ್ಲಿ ಕದರಯ್ಯ ಓಡಿ ಬಂದು ಕೈ ಹಿಡಿದ.

"ಅಲ್ಲಿಗಲ್ಲ ಸಾರ್, ಅಮ್ಮನಿಗೆ ಹಾಕಿ. ನಲ್ಲೀಲಿ ನೀರಿಲ್ದೆ ಅಭಿಷೇಕವೇ ನಿಂತೋಗಿತ್ತು. ಇನ್ಮೇಲೆ ದಿನಾ ನೀವೇ ತಂದ್ಬುಡಿ. ಬೊಡ್ಡೆಗೆ ಮಾತ್ರ ಹಾಕ್ಬೇಡಿ, ಮತ್ತೆ ಚಿಗುರ್ಬುಟ್ಟಾತು."

ಚಿಕ್ಕರಂಗಯ್ಯ ಬಿಂದಿಗೆಯನ್ನು ತನ್ನ ಮನೆಯ ಗುಂಡಿನ ಮೇಲೆ ಬಗ್ಗಿಸಿದ. ಸುತ್ತಲಿದ್ದವರೆಲ್ಲ ಕೈಮುಗಿದರು. ಆವತ್ತಿನ ವಾರ್ತೆಯನ್ನು ಹೊಂಬಾಳಮ್ಮನಿಗೆ ಎಲ್ಲಿ ಕೂತು ಹೇಳುವುದೆಂದು ಅವನಿಗೆ ತಿಳಿಯಲಿಲ್ಲ.