ನನ್ನ ಎಡಗಾಲೂ ಊರಿನವರ ಅಭಿಪ್ರಾಯಗಳೂ

೧೯೫೪, ಮಾರ್ಚ್ ೭, ಭಾನುವಾರ. ಬೆಳಿಗ್ಗೆ ಸೆಖೆ, ಮಧ್ಯಾಹ್ನ ಗುಡುಗಿನೊಡನೆ ಒಂದು ಗಂಟೆ, ಕಾಫಿ ಹೂ ಅರಳಿಸುವ ಹೂಮಳೆ.

ಮಳೆ ನಿಲ್ಲುವ ಹೊತ್ತಿಗೆ ಕುಶಾಲನಗರದ ಕಡೆಯಿಂದ ನನ್ನ ಹೆಂಡತಿಯ ತಮ್ಮ ಬಂದ. ಜಗಲಿಯಲ್ಲಿ ಕೂತವನೇ ಪಂಚೆ ಮೇಲೆತ್ತಿ ಬಲಗಾಲು ತೋರಿಸಿದ. ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಂಟಾಗಿ ಎದ್ದಿದ್ದವು.

"ಭಾವ, ನೀವು ಹೋದ ವರ್ಷ ಕುಯ್ಸ್ಕಂಡ್ರಲ್ಲ. ನಾನೂ ಕುಯ್ಸ್ಕಳ್ಳದಾ, ಬ್ಯಾಡ್ವಾ? ನಿಮಗೆ ಎಷ್ಟು ಬಿತ್ತು?"

ಈ ಸೀಮೆಯಲ್ಲಿ ಕಾಲು ನೋಯುವವರಿಗಿಂತ ಕಾಲಿನ ವಿಷಯ ಬಲ್ಲವರೇ ಹೆಚ್ಚು. ಆದ್ದರಿಂದ ಇಂಥ ಪ್ರಸಂಗಗಳಿಗೆ ಬರವಿಲ್ಲ. ಎಷ್ಟು ಬಿತ್ತೆಂಬುದನ್ನು ಕೊನೆಗೆ ಹೇಳುತ್ತೇನೆ, ಮೊದಲು ಏನೇನು ಬಿತ್ತು ಕೇಳು ಎಂದೆ.

೧. ನಡೆಯಬೇಕು

ಚೆಟ್ಟಳ್ಳಿಯ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ, ಹಗಲೆಲ್ಲ ತೋಟ ಸುತ್ತುವುದು, ಸಂಜೆ ಹಣ್ಣಿನ ತೂಕ. ಕೂರುವ ಕೆಲಸ ಊಟ ಒಂದೇ. ಹೋದ ಮಳೆಗಾಲದಲ್ಲಿ ಎಡಗಾಲು ಸಂಜೆಯ ಹೊತ್ತಿಗೆ ಒನಕೆಯಂತಾಗತೊಡಗಿತು. ನಾಪೋಕ್ಲಿನ ಡಾಕ್ಟರೊಬ್ಬರು ನೋಡಿ, ಮಡಿಕೇರಿಗೆ ಹೋಗಿ ಆಪರೇಷನ್ ಮಾಡಿಸಿ ಎಂದರು.

ಅದನ್ನು ತೋಟದ ಯಜಮಾನರಿಗೆ ಹೇಳಿದೆ. ನಾವು ಅವರನ್ನು ದೊರೆ ಎಂದೇ ಕರೆಯುವುದು. ದೊರೆ ಜೀಪಿನಲ್ಲಿ ಕೂತಿದ್ದರು, ಎಂಜಿನ್ ಆರಿಸಲಿಲ್ಲ.

"ಆಪರೇಷನ್ನಾ? ಬಿಡಿ ಮಾರಾಯ್ರೆ. ನಡೀಬೇಕು. ನಡಿಗೆಗಿಂತ ದೊಡ್ಡ ಮದ್ದಿಲ್ಲ ರೈಟರೇ."

"ನಡೆದು ನಡೆದೇ ಹೀಗಾಗಿದೆ ದೊರೆ."

"ಹಾಗಾದ್ರೆ ಸಾಲದು, ಇನ್ನೂ ನಡೀರಿ. ಒಂದು ಮಾತು. ಕಾಫಿ ಹಣ್ಣಿನ ಪಿಕಿಂಗ್ ಶುರುವಾಗೋ ಹೊತ್ತಿಗೆ ನೀವು ಕಾಲ ಮೇಲೆ ನಿಂತಿರಬೇಕು. ಇಲ್ಲಾಂದ್ರೆ ನಾನು ಬೇರೆ ರೈಟರನ್ನ ನೋಡ್ಬೇಕಾಗ್ತದೆ. ಅವನಿಗೆ ನಿಮ್ಮ ಮನೇನೂ ಕೊಡ್ಬೇಕಾಗ್ತದೆ."

ಇಷ್ಟು ಹೇಳಿ ಜೀಪು ಬಿಟ್ಟುಕೊಂಡು ಬಂಗಲೆಗೆ ಹೋದರು. ಬಂಗಲೆಯ ಮೆಟ್ಟಿಲು ನಾವು ಮಾತಾಡುತ್ತಿದ್ದ ಜಾಗದಿಂದ ಎಷ್ಟು ಹತ್ತಿರವೆಂದರೆ, ಜೀಪನ್ನು ಆ ಕಡೆಗೆ ತಿರುಗಿಸಲು ಅವರು ಮೊದಲು ಹಿಂದಕ್ಕೆ ಹೋಗಬೇಕಾಯಿತು.

೨. ಕಲಿತ ಜಿಗಣೆ

ಕೆಲಸವೂ ಮನೆಯೂ ಒಂದೇ ಕಾಲಿನ ಮೇಲೆ ನಿಂತಿವೆ ಎಂದು ತಿಳಿದ ಮೇಲೆ ಹೆಂಡತಿ ಹೆದರಿದಳು. ಕುಯ್ಸಿಕೊಂಡು ಕಾಲೇ ಹೋದರೆ? ಕುಯ್ಸಿಕೊಳ್ಳದೆ ಕಾಲು ಹುಣ್ಣಾದರೆ? ಈ ಎರಡರ ನಡುವೆ ದಾರಿಯಿದೆ ಎಂದು ಪಕ್ಕದ ಊರಿನ ನಾಟಿ ವೈದ್ಯರು ತಾವಾಗಿ ಬಂದರು. ಕೈಯಲ್ಲಿ ಒಂದು ಮಡಕೆ; ಅದರೊಳಗೆ ಜಿಗಣೆ.

ನಾನು ಹೇಳಿದೆ: "ವೈದ್ಯರೇ, ಜೂನಿನಿಂದ ಸೆಪ್ಟೆಂಬರಿನವರೆಗೆ ತೋಟದ ಜಿಗಣೆಗಳೆಲ್ಲ ಈ ಕಾಲಲ್ಲೇ ಊಟ ಮಾಡಿವೆ. ಗುಣ ಕಾಣಲಿಲ್ಲ."

ವೈದ್ಯರಿಗೆ ಅವಮಾನವಾಯಿತು. "ಅವು ಕಾಡು ಜಿಗಣೆ. ಎಲ್ಲಿ ಕಚ್ಚಬೇಕು, ಎಷ್ಟು ಕುಡೀಬೇಕು ಅಂತ ಅವಕ್ಕೆಂಥ ಗೊತ್ತು? ಇವು ಕಲಿತವು. ಕೆಟ್ಟ ರಕ್ತ ಬಿಟ್ಟು ಬೇರೆ ಮುಟ್ಟೋದಿಲ್ಲ."

ಮಡಕೆಗೆ ಕೈಯಿಟ್ಟು ಒಂದನ್ನು ತೆಗೆದರು. ಕಲಿತ ಜಿಗಣೆ ನನ್ನ ಕಾಲಿನ ಮೇಲೆ ಒಂದು ಸುತ್ತು ಹಾಕಿತು; ಏನೂ ಹಿಡಿಸದೆ ಹಿಂದಿರುಗಿ ವೈದ್ಯರ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಎಳೆದರು, ಬರಲಿಲ್ಲ. ಕೊಡವಿದರು, ಬಿಡಲಿಲ್ಲ.

"ಅಮ್ಮಾ, ಬೇಗ ಸ್ವಲ್ಪ ಉಪ್ಪು ತನ್ನಿ!"

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಉಪ್ಪು ಯಾಕೆ ವೈದ್ಯರೇ? ಕಲಿತದ್ದಲ್ವಾ, ಬಾಯಲ್ಲಿ ಹೇಳಿ. ಬಿಡ್ತದೆ."

೩. ಮಿಲಿಟರಿ ಗುಣ

ನಮ್ಮ ಕಡೆ ಯಾವ ದಿಕ್ಕಿಗೆ ಕಲ್ಲು ಎಸೆದರೂ ಒಬ್ಬ ನಿವೃತ್ತ ಸುಬೇದಾರರಿಗೆ ತಾಗುತ್ತದೆ. ನನ್ನ ಪಾಲಿನವರು ಬೇಲಿಯಾಚೆಗೇ ಇದ್ದಾರೆ.

"ಗುಂಡು ಬಿದ್ದ ಕಾಲಾದ್ರೆ ಕುಯ್ಸ್ಕೊಳ್ಳಿ, ಒಪ್ತೇನೆ," ಎಂದರು. "ತಕ್ಕಡಿ ಮುಂದೆ ನಿಂತು ಕೆಟ್ಟ ಕಾಲಿಗೆ ಆಪರೇಷನ್ ಅಂದ್ರೆ ನಾಲ್ಕು ಜನ ನಗ್ತಾರೆ. ಬರ್ಮಾದಲ್ಲಿ ನಮಗೆ ಎಂಥ ಆಪರೇಷನ್? ಪಟ್ಟಿ ಸುತ್ತಿದೆವು, ನಡೆದೆವು."

ಉಣ್ಣೆಯ ಪಟ್ಟಿ ತಂದು ಪಾದದಿಂದ ಮೊಣಕಾಲಿನವರೆಗೆ ಸುತ್ತಿದರು. ಎಳೆಯುವಾಗ ನನ್ನ ಮಂಡಿಯ ಮೇಲೆ ತಮ್ಮ ಒಂದು ಕಾಲು ಊರಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ಬೆರಳುಗಳು ನೇರಳೆ ಹಣ್ಣಿನ ಬಣ್ಣಕ್ಕೆ ಬಂದವು.

"ಈಗ ನೋವುಂಟಾ?"

"ಇಲ್ಲ."

"ನೋಡಿ!"

"ಕಾಲೂ ಇದ್ದ ಹಾಗಿಲ್ಲ ಸುಬೇದಾರರೇ."

"ಭೇಷ್," ಎಂದರು. "ಮಿಲಿಟರಿಯಲ್ಲಿ ಗುಣ ಅನ್ನೋದು ಅದಕ್ಕೇ."

೪. ಒಬ್ಬರೇ

ಮಡಿಕೇರಿಯೇ ರಾಜಧಾನಿಯಾಗಿ ನಮ್ಮದು ಈಗ ಸ್ವಂತ ರಾಜ್ಯ. ಮುಖ್ಯಮಂತ್ರಿ ಇದ್ದಾರೆ, ವಿಧಾನಸಭೆ ಇದೆ, ಎದ್ದು ನಿಂತು ಮಾತಾಡುವವರಿಗೆ ಕೊರತೆಯಿಲ್ಲ. ಕುಯ್ಯಬಲ್ಲವರು ಮಾತ್ರ ಮಡಿಕೇರಿಯ ಆಸ್ಪತ್ರೆಯಲ್ಲಿ ಒಬ್ಬರೇ ಇದ್ದರು. ಹೊರಗಿನಿಂದ ಬಂದ ಸರ್ಜನ್, ಪುಸ್ತಕದ ಕನ್ನಡ. ಪಟ್ಟಿ ಬಿಚ್ಚಿ ಕಾಲು ನೋಡಿ, ಇದನ್ನು ಸುತ್ತಿದವರು ಯಾರೆಂದು ಕೇಳಿದರು. ಹೇಳಿದೆ. "ಅವರು ಶತ್ರುಗಳ ಕಾಲಿಗೆ ಸುತ್ತಿದ್ದರೆ ಯುದ್ಧ ಬೇಗ ಮುಗಿಯುತ್ತಿತ್ತು," ಎಂದರು.

ದೊರೆಯ ಮಾತನ್ನೂ ತಿಳಿಸಿ, ಮಾಡಿಸಲೇ, ಬೇಡವೇ ಎಂದು ಕೇಳಿದೆ.

"ಮಾಡಿಸದಿದ್ದರೆ ಸಾಯುವುದಿಲ್ಲ. ಹುಣ್ಣಾಗಬಹುದು. ಮಾಡಿಸಿದರೆ ಪಿಕಿಂಗಿಗೆ ನಿಲ್ಲಬಹುದು. ನರ ಮತ್ತೆ ಉಬ್ಬುವುದೋ ಇಲ್ಲವೋ, ಅದು ನನಗೆ ತಿಳಿಯದು."

ತಿಳಿಯದು ಎಂಬ ಮಾತನ್ನು ನಾನು ಈ ಕಾಲಿನ ವಿಷಯದಲ್ಲಿ ಕೇಳಿದ್ದು ಅದೇ ಮೊದಲು. ಅಲ್ಲೇ ಒಪ್ಪಿಬಿಟ್ಟೆ. ಆದರೂ ಧೈರ್ಯಕ್ಕೆ ಒಂದು ಮಾತು ಕೇಳಿದೆ: "ನಿಮಗೇ ಹೀಗಾಗಿದ್ದರೆ ಮಾಡಿಸಿಕೊಳ್ಳುತ್ತಿದ್ದಿರಾ?"

ಸರ್ಜನ್ ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿದರು. ನನ್ನದಕ್ಕಿಂತ ದಪ್ಪನೆಯ ನರಗಳು, ಎರಡೂ ಕಾಲಲ್ಲಿ.

"ಮಾಡಿಸಿಕೊಳ್ಳಬೇಕು," ಎಂದರು. "ಯಾರ ಹತ್ತಿರ ಮಾಡಿಸಿಕೊಳ್ಳಲಿ, ನೀವೇ ಹೇಳಿ."

೫. ಬೇಟೆಯ ಪಾಲು

ಅಕ್ಟೋಬರಿನಲ್ಲಿ ಮೊಣಕಾಲಿನ ಕೆಳಗೆ ಕುಯ್ದು ಕೆಟ್ಟ ನರ ತೆಗೆದರು. ಪಿಕಿಂಗ್ ಶುರುವಾದ ದಿನ ನಾನು ತಕ್ಕಡಿಯ ಮುಂದೆ ನಿಂತಿದ್ದೆ. ಕೆಲಸ ಉಳಿಯಿತು, ಮನೆ ಉಳಿಯಿತು. ಸರ್ಕಾರಿ ಆಸ್ಪತ್ರೆ, ಸರ್ಜನ್ ನನ್ನಿಂದ ಕಾಸು ಮುಟ್ಟಲಿಲ್ಲ. ಹಾಗೆ ಬಿಡುವುದೂ ಸರಿಯಲ್ಲವಲ್ಲ.

ಹೋದ ತಿಂಗಳು ಊರಿನವರು ಹಂದಿ ಬೇಟೆಗೆ ಹೊರಟಾಗ ನಾನೂ ಹೋದೆ. ಕಾಲು ಪರೀಕ್ಷಿಸಿದಂತಾಯಿತು. ಹಂದಿ ನನ್ನ ಕಡೆಗೇ ಬಂತು, ಗುಂಡೂ ತಾಗಿತು. ನಮ್ಮಲ್ಲಿ ಬೇಟೆಗೆ ಬಂದವರಿಗೆಲ್ಲ ಪಾಲುಂಟು, ನಾಯಿಗೂ ಉಂಟು. ಹೊಡೆದವನಿಗೆ ಹಿಂಗಾಲು ಹೆಚ್ಚಿಗೆ. ಪಾಲು ಹಾಕುವಾಗ ನಾನು, "ನನಗೆ ಬಂದ ಹಿಂಗಾಲು ನನ್ನ ಕಾಲು ಗುಣ ಮಾಡಿದವರಿಗೆ," ಎಂದೆ. ಮಾತು ಕಡಿಮೆ ಆಡುವವನು ನಾನು. ಹೆಸರು ಹೇಳುವ ಅಗತ್ಯವಿದೆ ಎಂದು ತೋಚಲಿಲ್ಲ.

"ಅಯ್ಯೋ, ಅದಕ್ಕೆಲ್ಲ ಯಾಕೆ ರೈಟರೇ?" ಎನ್ನುತ್ತಾ ಸುಬೇದಾರರು ಬಾಳೆಲೆ ಚಾಚಿದರು.

"ನಿಲ್ಲಿ, ನಡೀಬೇಕು ಅಂತ ಮೊದಲು ಹೇಳಿದ್ದು ಯಾರು?" ಎಂದು ದೊರೆ ಜೀಪಿನಿಂದ ಇಳಿದರು. ಅವರು ಇಳಿದದ್ದನ್ನು ಅಂದೇ ಮೊದಲು ಕಂಡೆ.

ವೈದ್ಯರು ಮದ್ದಿಗೆ ಕೊಬ್ಬು ಬೇಕೆಂದು ಬಂದಿದ್ದರು. "ಕೆಟ್ಟ ರಕ್ತ ಮೊದಲೇ ಇಳಿಯದಿದ್ರೆ ಯಾವ ಸರ್ಜನ್ ಎಂಥ ಮಾಡ್ತಿದ್ದ?" ಎಂದರು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡು.

ತೊಡೆ ಮೂರು ಪಾಲಾಯಿತು. ನಾನು ಸರ್ಜನ್ ಹೆಸರೆತ್ತಿದೆ. ಸುಬೇದಾರರಿಗೆ ನ್ಯಾಯದ ಮೇಲೆ ಬಹಳ ಅಭಿಮಾನ. "ಅವರನ್ನು ಬಿಟ್ಟರೆ ತಪ್ಪಾಗ್ತದೆ," ಎಂದು ಎದ್ದರು. "ಆದ್ರೆ ಅವರು ಕೈ ಹಾಕಿದ ಜಾಗ ಎಷ್ಟೋ ಅಷ್ಟೇ."

ಇಲ್ಲಿಯವರೆಗೆ ಕೇಳಿಸಿಕೊಂಡ ನನ್ನ ಭಾಮೈದ ಪಂಚೆ ಇಳಿಬಿಟ್ಟ. "ಅದೆಲ್ಲ ಸರಿ ಭಾವ. ಡಾಕ್ಟ್ರಿಗೆ ಕೊನೆಗೆ ಏನು ಕೊಟ್ಟಂಗಾಯ್ತು?"

"ಮೊಣಕಾಲಿನಿಂದ ಕೆಳಗೆ," ಎಂದೆ. "ಗೊರಸು ಸಮೇತ."